ಹುಣಸೆಮರದ ಕೊಂಬೆಗೆ ಎಂಜಿನ್

ಹಗ್ಗದ ಮಂಡಿಯ ಸಾಹುಕಾರ ಮಹಾಲಿಂಗಯ್ಯನ ಆಳುಗಳು ಸರ್ದಾರ್ ಪಾಷಾನ ಪಿಕಪ್ಪಿನ ಬಾನೆಟ್ ಎತ್ತಿ, ಆಯಿಲ್ ಹೊಯ್ಯುವ ಬಾಯಿಗೆ ಮರಳು ಸುರಿದರು. ಅಮೃತೂರಿನ ಬಸ್‌ಸ್ಟ್ಯಾಂಡಿನಲ್ಲಿ, ಶುಕ್ರವಾರ ಮಧ್ಯಾಹ್ನ, ಟೀ ಕುಡಿಯುತ್ತಿದ್ದವರ ಎದುರಿಗೇ ಸುರಿದರು. ನಮಾಜು ಮುಗಿಸಿ ಬಂದ ಪಾಷಾ ಏನೂ ಅರಿಯದೆ ಗಾಡಿ ಹೊರಡಿಸಿದ. ಕುಣಿಗಲ್ ರಸ್ತೆಯಲ್ಲಿ ಕೂಗಳತೆ ದೂರ ಹೋಗುವಷ್ಟರಲ್ಲಿ ಎಂಜಿನ್ ಒಳಗೊಳಗೇ ನರಳಿ, ಕಚ್ಚಿಕೊಂಡು ನಿಂತಿತು. ಆಮೇಲೆ ಕೇಳಿದರೆ, ಟೀ ಕುಡಿಯುತ್ತಿದ್ದವರಲ್ಲಿ ಒಬ್ಬನೂ ಏನನ್ನೂ ನೋಡಿರಲಿಲ್ಲ.

ಈಗ ಆ ಹಳೇ ಫಾರ್ಗೊ ಪಿಕಪ್ಪು ಊರಾಚೆಯ ಕೇರಿಯ ಹುಣಸೆಮರದ ಕೆಳಗೆ ಬಾಯಿ ತೆರೆದು ನಿಂತಿತ್ತು. ಎಂಜಿನ್ ಇರಬೇಕಾದ ಜಾಗದಲ್ಲಿ ನೆಲದ ಹುಲ್ಲು ಕಾಣುತ್ತಿತ್ತು. ಪಕ್ಕದ ಎತ್ತಿನಗಾಡಿಯ ಮೇಲೆ, ಗುಬ್ಬಿ ಹತ್ತಿರ ಮಗುಚಿಬಿದ್ದಿದ್ದ ಮೆಟಡಾರ್ ವ್ಯಾನೊಂದರ ಡೀಸೆಲ್ ಎಂಜಿನ್ ಮಸಿ ಮೆತ್ತಿಕೊಂಡು ಕೂತಿತ್ತು. ತುಮಕೂರಿನ ಗುಜರಿಯವನು, ತುಂಡು ತುಂಡಾಗಿ ಬಿಚ್ಚಿ ಇಳಿಸಿದ್ದ ಸತ್ತ ಎಂಜಿನ್ನನ್ನೂ ಅದರ ಜೊತೆಗೆ ಒಂದು ಗಾಡಿ ನಾರಿನ ಹಗ್ಗವನ್ನೂ ತೆಗೆದುಕೊಂಡು ಇದನ್ನು ಕೊಟ್ಟಿದ್ದ. ಹಗ್ಗ ಕೊಟ್ಟವರು ಈ ಕೇರಿಯ ಹೆಂಗಸರು.

ಕೊಡದೆ ಅವರಿಗೂ ಗತಿಯಿರಲಿಲ್ಲ. ಕೆರೆಯಲ್ಲಿ ತೆಂಗಿನ ಮಟ್ಟೆ ಕೊಳೆಹಾಕಿ, ಬಡಿದು, ಹೊಸೆದ ಹಗ್ಗವನ್ನು ಅವರು ತಮ್ಮತ್ತೆಯರ ಕಾಲದಿಂದಲೂ ಮಹಾಲಿಂಗಯ್ಯನ ಮಂಡಿಯ ಮೆಟ್ಟಿಲ ಕೆಳಗೆ ಇಟ್ಟು ದೂರ ನಿಲ್ಲಬೇಕಿತ್ತು. ತಕ್ಕಡಿ ಒಳಗಿರುತ್ತಿತ್ತು. ಮುಳ್ಳು ಎಲ್ಲಿ ನಿಂತಿತೆಂದು ನೋಡುವ ಹಾಗಿರಲಿಲ್ಲ. ಹೋದ ವರ್ಷ, ಎಂಬತ್ಮೂರರ ಯುಗಾದಿ ಕಳೆದ ಮೇಲೆ, ಪಾಷಾ ತನ್ನ ಪಿಕಪ್ಪಿನಲ್ಲಿ ಆ ಹಗ್ಗವನ್ನು ನೇರ ಗುಬ್ಬಿ ಸಂತೆಗೆ ಒಯ್ಯಲು ಒಪ್ಪಿಕೊಂಡಿದ್ದ. ಅಲ್ಲಿ ತಕ್ಕಡಿ ಬಯಲಲ್ಲಿ ತೂಗುತ್ತಿತ್ತು. ಮರಳು ಬಿದ್ದದ್ದು ಅದಕ್ಕೆ. ಬರುವ ಸೋಮವಾರದ ಸಂತೆಗೂ ಗಾಡಿ ಹೊರಡದಿದ್ದರೆ ಹಗ್ಗ ಮತ್ತೆ ಮೆಟ್ಟಿಲ ಕೆಳಗೇ ಹೋಗಬೇಕು, ಪಾಷಾ ಮಂಡಿಯ ಲಾರಿಗೆ ಕ್ಲೀನರಾಗಬೇಕು. ಹಾಗೆಂದು ಮಹಾಲಿಂಗಯ್ಯ ಆಗಲೇ ಹೇಳಿ ಕಳಿಸಿದ್ದ.

ಎಂಜಿನ್ ಎತ್ತಿ ಕೂರಿಸಲು ಚೈನ್ ಪುಲ್ಲಿ ಬೇಕಿತ್ತು. ಮೆಕ್ಯಾನಿಕ್ ಮುಖ್ತಾರ್ ಅಹಮದ್ ಕುಣಿಗಲ್ಲಿನ ಗ್ಯಾರೇಜುಗಳನ್ನೆಲ್ಲ ಸುತ್ತಿ ಬರಿಗೈಲಿ ಬಂದ. ಒಬ್ಬನ ಪುಲ್ಲಿ ಮುರಿದಿತ್ತಂತೆ, ಇನ್ನೊಬ್ಬನದನ್ನು ಭಾವಮೈದ ಒಯ್ದಿದ್ದನಂತೆ. ಎಲ್ಲರಿಗೂ ಮಂಡಿಯ ಲಾರಿಗಳೇ ಗಿರಾಕಿ. ಪಾಷಾ ಬಂಪರಿನ ಮೇಲೆ ಕುಸಿದು ಕೂತ. ಕ್ಲೀನರ್ ಕೆಲಸವೇನು ಹೀನವಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು ಶುರುಮಾಡಿದ್ದ.

ಕೇರಿಯ ನಿಂಗಮ್ಮ ಎಂಜಿನ್ನನ್ನು ಒಂದು ಸುತ್ತು ಹಾಕಿ, ಕೈಬೆರಳಿಂದ ಒತ್ತಿ ನೋಡಿದಳು. ಹೊಸೆದೂ ಹೊಸೆದೂ ಅಂಗೈ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿದ್ದ ಹೆಂಗಸು ಅವಳು.

"ಎಷ್ಟು ಭಾರ ಇದ್ದಾತು ಸಾಬ್ರೇ?"

ಎರಡು ಕೋಣದಷ್ಟು ಎಂದ ಮುಖ್ತಾರ್.

"ಊರಿನ ತೇಲೋ ಹೆಣಾನೆಲ್ಲ ಬಾವಿಯಿಂದ ಎತ್ತಿರೋದು ನಮ್ ಹಗ್ಗ. ಕಬ್ಬಿಣಾನ ಎತ್ತಾಕಿಲ್ವ?"

ಮುಖ್ತಾರ್ ನಕ್ಕುಬಿಟ್ಟ. ನಕ್ಕವನು ಆಮೇಲೆ ತಲೆಯೆತ್ತಿ ಮರದ ಕೊಂಬೆಯ ದಪ್ಪವನ್ನು ಕಣ್ಣಲ್ಲೇ ಅಳೆದ.

ಕೇರಿಯ ಹೆಂಗಸರು ಈ ಸಲ ಹೊಸೆದದ್ದು ಮಾರುವ ಹಗ್ಗವಲ್ಲ. ಮೂರೆಳೆಯ ಹಗ್ಗಗಳನ್ನೇ ಎಳೆ ಮಾಡಿಕೊಂಡು, ಅತ್ತ ನಾಲ್ವರು ಇತ್ತ ನಾಲ್ವರು ನಿಂತು ಎದುರು ಬದುರಾಗಿ ತಿರುವಿದರು. ತೊಡೆಯಷ್ಟು ದಪ್ಪದ ಮಿಣಿ ಬೆಳೆಯಿತು. ಒಣಗಿದ ನಾರು ಜಾರುತ್ತದೆಂದು ನೀರು ಚಿಮುಕಿಸಿದರು. ಕೊಂಬೆ ಉಜ್ಜದಂತೆ ಹಳೇ ಟೈರಿನ ತುಂಡು ಹಾಕಿ, ಮಿಣಿಯನ್ನು ಅದರ ಮೇಲೆ ದಾಟಿಸಿದರು. ಎಳೆಯಲು ಇಡೀ ಕೇರಿಯೇ ಸಾಲಾಗಿ ನಿಂತಿತು.

"ಎಳೀರೇ! ಅತ್ತೆ ಜಡೆ ಕೈಗೆ ಸಿಕ್ಕ್ಯದೆ ಅಂದ್ಕೊಂಡು ಎಳೀರಿ," ಎಂದಳು ನಿಂಗಮ್ಮ. ಸಾಲಿನ ಕೊನೆಯಲ್ಲಿದ್ದ ಅವಳ ಸೊಸೆ ಎಲ್ಲರಿಗಿಂತ ಜೋರಾಗಿ ಎಳೆದಳು.

ಮಿಣಿ ಕಿರುಗುಟ್ಟಿತು, ತಾಳಿಕೊಂಡಿತು. ಎಂಜಿನ್ ಗಾಡಿಯಿಂದ ಮೇಲೆದ್ದು, ಬಿಸಿಲಲ್ಲಿ ತಿರುಗಿತು. ಎತ್ತಿನಗಾಡಿಯನ್ನು ಸರಿಸಿ, ಪಿಕಪ್ಪನ್ನು ಅದರ ಕೆಳಗೆ ತಳ್ಳಿದರು. ಪಾಷಾ ಅದರ ಅಡಿಯಲ್ಲಿ ಎರಡೂ ಕೈಯೆತ್ತಿ ನಿಂತು, ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ದಾರಿ ತೋರಿಸಿದ. ಹಿರೇಹಳ್ಳಿಯ ಲೇತಿನಲ್ಲಿ ಕೊರೆಸಿ ತಂದಿದ್ದ ಕಬ್ಬಿಣದ ಹಲಗೆ ಹಳೇ ಗೇರ್‌ಬಾಕ್ಸಿಗೂ ಹೊಸ ಎಂಜಿನ್ನಿಗೂ ನಡುವೆ ಕೂತಿತು.

ಆದರೆ ಅದು ಸ್ಟಾರ್ಟ್ ಆಗಲಿಲ್ಲ. ಮುಖ್ತಾರನದು ಹುಟ್ಟಾ ಪೆಟ್ರೋಲ್ ಕೈ. ಡೀಸೆಲ್ಲಿನ ಒಳಗುಟ್ಟು ಅವನು ಕೇಳಿ ಬಲ್ಲವನೇ ಹೊರತು ಮುಟ್ಟಿ ಬಲ್ಲವನಲ್ಲ. ಪೆಟ್ರೋಲ್ ಗಾಡಿಗೆ ಮಾಡುವಂತೆ ಪಾಷಾ ಪೆಡಲ್ ತುಳಿದೇ ತುಳಿದ. ಬ್ಯಾಟರಿ ಸುಸ್ತಾಯಿತು. ಹೆಂಗಸರು ಕೇರಿಯ ಉದ್ದಕ್ಕೂ ತಳ್ಳಿದರು. ಎಂಜಿನ್ ಕೆಮ್ಮಲೂ ಇಲ್ಲ. ಕೊನೆಗೆ ಮುಖ್ತಾರ್ ಯಾರೋ ಹೇಳಿದ್ದನ್ನು ನೆನೆದು, ಪಂಪಿನ ಪೈಪಿನ ನಟ್ಟು ಸಡಿಲಿಸಿ, ಸಣ್ಣ ಕೈಪಂಪು ಒತ್ತುತ್ತಾ ಹೋದ. ಸಂದಿಯಿಂದ ನೊರೆ ಬಂತು. ಒಳಗೆ ಗಾಳಿ ಸೇರಿತ್ತು; ಅದಿರುವ ತನಕ ಇದು ಉಸಿರಾಡುವುದಿಲ್ಲವೆಂದ. ನೊರೆ ತೆಳ್ಳಗಾಗಿ, ಗುಳ್ಳೆಯಾಗಿ, ಆಮೇಲೆ ಬರೀ ಡೀಸೆಲ್ ಹನಿಯಿತು. ನಟ್ಟು ಬಿಗಿದ.

ಮತ್ತೊಮ್ಮೆ ತಳ್ಳಿದರು. ಕಪ್ಪು ಹೊಗೆ ಹುಣಸೆಮರವನ್ನೇ ಮುಚ್ಚಿತು. ಅದರೊಳಗಿಂದ ದಡದಡ ಸದ್ದು ಎದ್ದು, ಗುಡಿಸಲುಗಳ ಸೂರಿನ ಪಾತ್ರೆಗಳೆಲ್ಲ ಅಲುಗಿದವು. ನಿಂಗಮ್ಮ ಬಾನೆಟ್ಟಿಗೆ ಅರಿಶಿನ ಮೆತ್ತಿದಳು. ಪಾಷಾ ಬಿಸ್ಮಿಲ್ಲಾ ಎಂದ. ಮುಖ್ತಾರ್ ಕಣ್ಣೊರೆಸಿಕೊಂಡ, ಹೊಗೆ ಎಂದ.

ಸೋಮವಾರ ಬೆಳಗಾದಾಗ ಪಿಕಪ್ಪಿನ ತುಂಬ ಹಗ್ಗದ ಸಿಂಬಿಗಳು, ಅವುಗಳ ಮೇಲೆ ನಿಂಗಮ್ಮನೂ ಮತ್ತಿಬ್ಬರು ಹೆಂಗಸರೂ. ತಕ್ಕಡಿಯ ಮುಳ್ಳನ್ನು ತಾವೇ ನೋಡಬೇಕೆಂದು ಹೊರಟಿದ್ದರು.

ಮಂಡಿ ದಾರಿಯಲ್ಲೇ ಇತ್ತು. ಮಹಾಲಿಂಗಯ್ಯ ಜಗಲಿಯ ಮೇಲೆ ಕೂತಿದ್ದರೆ, ಗಾಡಿಯವರು ಎಂಜಿನ್ ನಿಲ್ಲಿಸಿ, ಇಳಿದು, ಹೆಗಲ ಟವೆಲ್ ಕೈಗೆ ತೆಗೆದುಕೊಂಡು ಒಂದು ಮಾತಾಡಿ ಹೋಗಬೇಕು. ಯಾರೂ ಬರೆದಿಟ್ಟ ಕಾನೂನಲ್ಲ. ಪಾಷಾ ಮೀಸೆ ಮೂಡಿದಾಗಿನಿಂದ ಹಾಗೆ ಮಾಡಿದ್ದ. ಈಗಲೂ ಅವನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು.

"ಏನ್ಲಾ ಪಾಷಾ, ಹೆಣ ಎದ್ದು ಓಡಾಡ್ತಾ ಅದೆ?" ಎಂದ ಮಹಾಲಿಂಗಯ್ಯ. ಆಳು ಪುಟ್ಟರಂಗಯ್ಯನ ಕಡೆ ಕಣ್ಣು ಹಾಯಿಸಿದ.

ಪುಟ್ಟರಂಗಯ್ಯ ಬಂದು, ಕಿಟಕಿಯೊಳಗೆ ಕೈ ತೂರಿಸಿ, ಕೀಲಿ ತಿರುವಿ ಕಿತ್ತುಕೊಂಡ. ಎಂಜಿನ್ ನಿಲ್ಲಲಿಲ್ಲ. ಅವನು ಕೈಯಲ್ಲಿದ್ದ ಕೀಲಿಯನ್ನು ನೋಡಿದ, ಬಾನೆಟ್ಟನ್ನು ನೋಡಿದ. ಕತ್ತು ಮುರಿದ ಕೋಳಿ ಎದ್ದು ನಡೆದರೆ ನೋಡುವ ಹಾಗೆ. ಪೆಟ್ರೋಲ್ ಎಂಜಿನ್ ಕೀಲಿ ಕಿತ್ತರೆ ಕಿಡಿ ಸತ್ತು ನಿಲ್ಲುತ್ತದೆ. ಇದಕ್ಕೆ ಕಿಡಿಯ ಹಂಗಿರಲಿಲ್ಲ. ಡೀಸೆಲ್ ಹರಿಯುವ ದಾರಿ ಮುಚ್ಚಿದರೆ ಮಾತ್ರ ನಿಲ್ಲುವುದು, ಅದನ್ನು ಮುಚ್ಚಲು ಎಳೆಯುವ ತಂತಿಯ ಗುಬುಟು ಸ್ಟಿಯರಿಂಗಿನ ಕೆಳಗೆ, ಪಾಷಾನ ಮೊಣಕಾಲ ಪಕ್ಕದಲ್ಲಿತ್ತು.

ಮೇಲೆ ಕೂತ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮಹಾಲಿಂಗಯ್ಯ ಜಗಲಿಯಿಂದ ಎದ್ದ. ಅವನು ಎದ್ದದ್ದನ್ನು ಪಾಷಾ ನೋಡಿದ್ದೇ ಅಪರೂಪ.

"ಆಫ್ ಮಾಡ್ಲಾ ಅದನ್ನ. ಇಳ್ದು ಬಾ. ಮಾಲು ಇಲ್ಲೇ ಇಳ್ಸು."

ಪಾಷಾನ ಕೈ ಗುಬುಟಿನ ಮೇಲೆ ಹೋಯಿತು. ಬೆನ್ನ ಹಿಂದಿನ ಹಲಗೆಗೆ ನಿಂಗಮ್ಮನ ಹಿಮ್ಮಡಿ ಒಮ್ಮೆ ತಾಗಿತು. ಅವನು ಕೈಯನ್ನು ಅಲ್ಲಿಂದ ತೆಗೆದು ಗೇರಿನ ಮೇಲಿಟ್ಟ.

"ಮಾಡಾಕಿಲ್ಲ," ಎಂದವನೇ ಗಾಡಿಯನ್ನು ಗುಬ್ಬಿಯ ಕಡೆಗೆ ಬಿಟ್ಟ.

ಹಗ್ಗದ ಸಿಂಬಿಗಳಿಂದ ನಾರಿನ ಪುಡಿ ಉದುರಿ, ಮಂಡಿಯ ಮೆಟ್ಟಿಲ ಮೇಲೆ ತೆಳ್ಳಗೆ ಕೂತಿತು.