ಹುಲ್ಲು ತುಳಿಯಬಾರದು

ವಾಷಿಂಗ್ಟನ್ ಬಳಿಯ ಸ್ಟರ್ಲಿಂಗ್ ಊರಿನ ತ್ಯಾಗರಾಜ ಅಂಕಲ್ ಅಮೆರಿಕದ ರೈತರನ್ನು ಉದ್ಧಾರ ಮಾಡಲು ಹೊರಟಾಗ ಆ ರೈತರು ಸತ್ತು ಎಷ್ಟೋ ಕಾಲವಾಗಿತ್ತು. ಅದೇನೂ ಅಡ್ಡಿಯಾಗಲಿಲ್ಲ. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಅವರೇ ನಾಟಕ ಬರೆದರು, ಅವರೇ ರೈತ ನಾಯಕರಾದರು. ಆನ್‌ಲೈನ್‌ನಲ್ಲಿ ತರಿಸಿದ ರೈತರ ಉಡುಪು ಡಂಗರಿಯ ಬೆಲೆಯ ಟ್ಯಾಗನ್ನು ಮಾತ್ರ ಕೀಳಲಿಲ್ಲ. ಕ್ರಾಂತಿ ಮುಗಿದ ಮೇಲೆ ರಿಟರ್ನ್ ಮಾಡಬೇಕಿತ್ತು.

ತಾಲೀಮು ಅವರ ಬೇಸ್‌ಮೆಂಟಿನಲ್ಲಿ ನಡೆಯುತ್ತಿತ್ತು. ಅದರ ಮಗ್ಗುಲಲ್ಲೇ ಇದ್ದ ಸಣ್ಣ ಅಡುಗೆಮನೆಯಲ್ಲಿ ಸೌಮ್ಯಾ ನಟರ ಊಟಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಹುಬ್ಬಳ್ಳಿಯ ಬಸ್ ಕಂಡಕ್ಟರನ ಮಗಳು, ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅವಳ ರೊಟ್ಟಿಯ ರುಚಿ ಕೂಟದಲ್ಲಿ ಎಲ್ಲರಿಗೂ ಗೊತ್ತಿತ್ತು, ದನಿ ಯಾರಿಗೂ ಗೊತ್ತಿರಲಿಲ್ಲ. ರಾಜ್ಯೋತ್ಸವದ ಶನಿವಾರ ಬೆಳಿಗ್ಗೆಯೇ ಅವಳಿಗೆ ಹೈಸ್ಕೂಲಿಗೆ ಸಮನಾದ ಪರೀಕ್ಷೆಯ ಸಮಾಜ ವಿಜ್ಞಾನ ಪತ್ರಿಕೆ ಇರುವುದು ಗಂಡ ಕಲ್ಮೇಶನೊಬ್ಬನಿಗೇ ಗೊತ್ತಿತ್ತು. ಒಮ್ಮೆ ಕೂಟದ ಗಣಪತಿಗೆ ಕಡುಬು ಮಾಡಲು, ಇನ್ನೊಮ್ಮೆ ಅಂಕಲ್ ಅವರ ಅತ್ತೆಯ ಜೊತೆ ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಹೋಗಲು ಅದನ್ನು ಮುಂದಕ್ಕೆ ಹಾಕಿದ್ದಳು. ಮೂರನೇ ಸಲ ಹಾಕಿದರೆ ತಾನು ಮತ್ತೆ ಆ ಪುಸ್ತಕ ತೆರೆಯುವುದಿಲ್ಲವೆಂದು ಅವಳಿಗೆ ಖಾತ್ರಿಯಿತ್ತು.

ಮೊದಲ ತಾಲೀಮಿನಲ್ಲೇ ರೈಲು ಕಂಪನಿಯ ಮಾಲೀಕನ ಪಾತ್ರದ ಪ್ರತಾಪ್ ತಡವರಿಸಿದ.

"'ರೈಲ್ವೆ ಕೆಲಸಗಾರರು ಹೊಡೆದರು' ಅಂತಿದೆ. ಯಾರಿಗೆ ಸಾರ್? ನನಗಾ?"

"ಸ್ಟ್ರೈಕ್ ಮಾಡಿದ್ರು ಕಣಯ್ಯ! ಇಂಗ್ಲಿಷಲ್ಲಿ ಬರ್ದು ಕಂಪ್ಯೂಟರಿಗೆ ಟ್ರಾನ್ಸ್‌ಲೇಟ್ ಮಾಡೋಕೆ ಕೊಟ್ಟಿದ್ದೆ."

"ಹಾಗಾದ್ರೆ ಕನ್ನಡದಲ್ಲಿ ಏನಂತಾರೆ?"

ಹನ್ನೆರಡು ಮಂದಿ ಎಂಜಿನಿಯರುಗಳು ಚಾವಣಿ ನೋಡಿದರು.

"ಮುಷ್ಕರ ಅಂತಾರ್ರಿ," ಅಡುಗೆಮನೆಯಿಂದ ದನಿ ಬಂತು. "ನಮ್ಮ ಮಾತು ಕೇಳೂತನಕಾ ಕೈಯಾಗಿನ ಕೆಲಸ ನಿಲ್ಲಸೂದು."

"ಬ್ಯೂಟಿಫುಲ್!" ಎಂದು ಅಂಕಲ್ ಬರೆದುಕೊಂಡರು. ಯಾರು ಹೇಳಿದರೆಂದು ತಿರುಗಿ ನೋಡಲಿಲ್ಲ.

ಆಮೇಲಿನ ಮೂರು ವಾರ ಸೌಮ್ಯಾ ಹಿಟ್ಟು ನಾದುತ್ತಲೇ ತನ್ನ ಪರೀಕ್ಷೆಯ ಪಾಠವನ್ನೇ ಕೇಳಿದಳು. ಬೆಳೆ ಸಾಗಿಸಲು ರೈಲು ಬಾಡಿಗೆ ಕೊಟ್ಟು ಸುಸ್ತಾದ ರೈತರು ತಮ್ಮದೇ ಪಕ್ಷ ಕಟ್ಟಿದ್ದು, ೧೮೯೪ರಲ್ಲಿ ಕೆಲಸವಿಲ್ಲದವರು ವಾಷಿಂಗ್ಟನ್‌ವರೆಗೆ ನಡೆದುಕೊಂಡೇ ಬಂದದ್ದು, ಅವರ ನಾಯಕನನ್ನು ಸಂಸತ್ ಭವನದ ಹುಲ್ಲು ತುಳಿದನೆಂದು ಹಿಡಿದು ಜೈಲಿಗೆ ಹಾಕಿದ್ದು, ಎಲ್ಲವೂ ಬಾಯಿಪಾಠವಾಯಿತು. ಹುಲ್ಲಿನ ದೃಶ್ಯ ಬಂದಾಗಲೆಲ್ಲ ಅಂಕಲ್ ನಿಜವಾಗಿ ಅಳುತ್ತಿದ್ದರು. ತಮ್ಮ ಮನೆಯ ಮುಂದೆ ಹೊಸದಾಗಿ ಬೀಜ ಹಾಕಿಸಿದ ಹುಲ್ಲಿನ ಸುತ್ತ ದಾರ ಕಟ್ಟಿ, ಯಾರೂ ಕಾಲಿಡಕೂಡದೆಂದು ನಟರಿಗೆಲ್ಲ ಎರಡೆರಡು ಸಲ ಮೆಸೇಜ್ ಕಳಿಸಿದವರೂ ಅವರೇ.

ಶುಕ್ರವಾರ ಸಂಜೆ, ಕೊನೆಯ ತಾಲೀಮು ಮುಗಿದಾಗ, ಅಂಕಲ್ ಡಂಗರಿಯಲ್ಲೇ ಅಡುಗೆಮನೆಗೆ ಬಂದರು.

"ಸೌಮ್ಯಾ, ನಾಳೆ ಎಂಟಕ್ಕೇ ಬಂದ್ಬಿಡಮ್ಮ. ಗೆಸ್ಟ್ ಮುಂದೆ ರೊಟ್ಟಿ ಲೈವ್ ಕೌಂಟರ್ ಇಟ್ಟಿದೀವಿ."

ಅವಳು ಮೂಲೆಯ ಎರಡು ಡಬ್ಬಿ ತೋರಿಸಿದಳು. "ಖಡಕ್ ರೊಟ್ಟಿ ಮಾಡಿಟ್ಟೀನ್ರಿ. ನಾಳೆ ಬರಾಕ ಆಗೂದಿಲ್ರಿ. ಪರೀಕ್ಷಾ ಅದ."

"ಓ, ಗುಡ್ ಗುಡ್! ರೀಶೆಡ್ಯೂಲ್ ಮಾಡ್ಕೊಳಮ್ಮ, ಆನ್‌ಲೈನಲ್ಲಿ ಎರಡು ನಿಮಿಷ. ಇದು ಸೇವೆ ಅಲ್ವಾ, ನಿನ್ನ ಬಿಟ್ರೆ ಯಾರು ಬಡೀತಾರೆ?"

ಸೌಮ್ಯಾ ಕೈಯ ಹಿಟ್ಟು ತೊಳೆದು ಒರೆಸಿಕೊಂಡಳು.

"ಮುಷ್ಕರ ರೀ, ಅಂಕಲ್."

"ಏನು?"

"ನೀವ ಬರಕೊಂಡೀರಲ್ರಿ."

ಬಾಗಿಲ ಬಳಿ ಪ್ರತಾಪ್ ನಗು ತಡೆಯಲಾರದೆ ಕೆಮ್ಮಿದ. ಸೌಮ್ಯಾ ಅವನನ್ನು ದಾಟಿ ಮೆಟ್ಟಿಲು ಹತ್ತಿದಳು. ರಸ್ತೆಯಲ್ಲಿ ಕಲ್ಮೇಶ್ ಕಾರಿನಲ್ಲಿ ಕಾಯುತ್ತಿದ್ದ. ಕಲ್ಲುಹಾದಿ ಸುತ್ತು ಬಳಸಿ ಹೋಗುತ್ತಿತ್ತು, ಹುಲ್ಲು ನೇರಕ್ಕಿತ್ತು. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ದಾರ ದಾಟಿದಳು.

"ಸೌಮ್ಯಾ! ಗ್ರಾಸ್! ಗ್ರಾಸ್ ಮೇಲೆ..."

ರೈತ ನಾಯಕರು ಬೆನ್ನಟ್ಟಿ ಬಂದರು. ದಾರದ ತನಕ ಬಂದು ಗಕ್ಕನೆ ನಿಂತರು. ಮುಂದೆ ಬೀಜ ಹಾಕಿತ್ತಲ್ಲ. ಡಂಗರಿಯ ಟ್ಯಾಗ್ ಗಾಳಿಗೆ ಪಟಪಟ ಎನ್ನುತ್ತಿತ್ತು.

"ಅವರು ಏನಂತಾರ?" ಕಾರಿನಲ್ಲಿ ಕಲ್ಮೇಶ್ ಕೇಳಿದ.

"೧೮೯೪ರ ಪಾಠ ಒಪ್ಪಿಸಾಕತ್ತಾರ," ಎಂದು ಸೌಮ್ಯಾ ಪುಸ್ತಕ ತೆರೆದಳು.