ಪಂಪಿನ ಕೆಳಗಿನ ತೂತು

ಲಾರಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಗ್ಯಾರೇಜಿಗೆ ಎಳೆದು ತಂದಾಗ ಮೆಕ್ಯಾನಿಕ್ ನನ್ನೇಸಾಬ ಮೊದಲು ನೋಡಿದ್ದು ಎಂಜಿನ್ನನ್ನಲ್ಲ, ಡ್ರೈವರ್ ಭೀಮೇಶನ ಮುಖವನ್ನು. ಹನ್ನೊಂದು ವರ್ಷದಿಂದ ಆ ಹಳೇ ಲಾರಿ ಓಡಿಸುತ್ತಿದ್ದ ಭೀಮೇಶ, ಎಂಥ ಕೆಟ್ಟ ರಸ್ತೆ ದಾಟಿ ಬಂದರೂ ಏನಾದರೊಂದು ಚೇಷ್ಟೆ ಮಾಡಿಕೊಂಡೇ ಇಳಿಯುವವನು. ಇವತ್ತು ಬಾಯಿಗೆ ಬೀಗ ಹಾಕಿಕೊಂಡಿದ್ದ. ಹಿಂದೆಯೇ ಕಾರಿನಲ್ಲಿ ಬಂದಿಳಿದ ಮಾಲೀಕ ಅಮರಗುಂಡಪ್ಪನ ಬಾಯಿಗೆ ಮಾತ್ರ ಬೀಗವೂ ಇರಲಿಲ್ಲ, ಅಗುಳಿಯೂ ಇರಲಿಲ್ಲ.

ಸಂಗತಿ ಇಷ್ಟು. ಸಿಂಧನೂರಿನಿಂದ ಅಕ್ಕಿ ಹೇರಿಕೊಂಡು ಲಿಂಗಸುಗೂರಿಗೆ ಹೊರಟಿದ್ದ ಲಾರಿ ಮಸ್ಕಿ ಇನ್ನೆರಡು ಮೈಲಿ ಇರುವಾಗ ಹಬೆ ಉಗುಳಿ ನಿಂತಿತ್ತು. ರೇಡಿಯೇಟರಿನಲ್ಲಿ ಹನಿ ನೀರಿರಲಿಲ್ಲ, ವಾಟರ್ ಪಂಪು ಜಾಮ್ ಆಗಿತ್ತು. ಬಿಸಿ ತೋರಿಸುವ ಸೂಜಿ ಏರಿದ್ದು ಕಂಡ ಕೂಡಲೇ ಭೀಮೇಶ ಎಂಜಿನ್ ಆರಿಸಿದ್ದರಿಂದ ಎಂಜಿನ್ ಉಳಿದಿತ್ತು. ಆ ಪುಣ್ಯ ಅಮರಗುಂಡಪ್ಪನ ಕಣ್ಣಿಗೆ ಬೀಳಲೇ ಇಲ್ಲ. ಮುಂಜಾನೆ ನೀರು ನೋಡದೆ ಗಾಡಿ ತೆಗೆದಿದ್ದಾನೆ, ನೀರಿಲ್ಲದೆ ಓಡಿ ಪಂಪು ಸುಟ್ಟಿದೆ, ಇಂಥವನನ್ನು ಇನ್ನೊಂದು ದಿನ ಇಟ್ಟುಕೊಳ್ಳುವುದಿಲ್ಲ ಎಂದು ಒಂದೇ ಸಮನೆ ಹಾರಾಡುತ್ತಿದ್ದ.

ನನ್ನೇಸಾಬ ಅವನಿಗೊಂದು ಚಹಾ ತರಿಸಿ ಬೆಂಚಿನ ಮೇಲೆ ಕೂರಿಸಿ ಕೆಲಸಕ್ಕೆ ಬಿದ್ದ. ಬೆಲ್ಟು ಕಳಚಿದ, ಫ್ಯಾನು ಬಿಚ್ಚಿದ. ಹಳೇ ಡೀಸೆಲ್ ಗಾಡಿಗಳು ಸಿಂಧನೂರಿನ ಗ್ಯಾರೇಜುಗಳನ್ನೆಲ್ಲ ದಾಟಿಕೊಂಡು ಮಸ್ಕಿಗೆ ಅವನನ್ನೇ ಹುಡುಕಿಕೊಂಡು ಬರುತ್ತಿದ್ದವು. ಆ ಹೆಸರಿನ ಮೇಲೆ ಅವನಿಗೆ ಇದ್ದ ಮೋಹ ಅಷ್ಟಿಷ್ಟಲ್ಲ. ಕೊನೆಯ ಬೋಲ್ಟು ಬಿಚ್ಚಿ ಪಂಪನ್ನು ಮಗುಚಿ ನೋಡಿದವನು ಅದರ ಕೆಳಭಾಗವನ್ನು ಬೆರಳಿನಿಂದ ಒರೆಸಿ ಮತ್ತೊಮ್ಮೆ ನೋಡಿದ.

ಪಂಪಿನ ಹೊಟ್ಟೆಯ ಕೆಳಗೆ ಕಡಲೆಕಾಳಿಗಿಂತ ಸಣ್ಣದೊಂದು ತೂತಿರುತ್ತದೆ. ಒಳಗಿನ ಸೀಲು ಸವೆದರೆ ನೀರು ಅಲ್ಲಿಂದ ತೊಟ್ಟಿಕ್ಕಬೇಕು. ಪಂಪು ಬದಲಿಸಿ ಎಂದು ಗಾಡಿ ಹೇಳುವ ರೀತಿ ಅದು. ತೂತು ಮುಚ್ಚಿದರೆ ಸೋರಿಕೆ ನಿಂತ ಹಾಗೆ ಕಾಣುತ್ತದೆ, ನೀರು ಮಾತ್ರ ಒಳಗೊಳಗೇ ಬೇರಿಂಗಿಗೆ ಇಳಿದು ಅದನ್ನು ತಿಂದುಹಾಕುತ್ತದೆ. ಬೇರಿಂಗು ಹೋದ ದಿನ ರೇಡಿಯೇಟರಿನ ನೀರೆಲ್ಲ ಅಲ್ಲಿಂದಲೇ ಚೆಲ್ಲಿಹೋಗುತ್ತದೆ. ಈ ಪಂಪಿನ ತೂತಿಗೆ ಯಾರೋ ಎಂಸೀಲ್ ಮೆತ್ತಿದ್ದರು. ಅದರ ಮೇಲೆ ಹೆಬ್ಬೆರಳು ಒತ್ತಿದ ಗುರುತು, ನಟ್ಟನಡುವೆ ಸೀಳಿದ ಉಗುರಿನ ಅಚ್ಚು. ಸುತ್ತಿಗೆ ಏಟಿಗೆ ಸೀಳಿದ ಆ ಉಗುರು ನನ್ನೇಸಾಬನ ಎಡಗೈಯಲ್ಲೇ ಇತ್ತು.

ಎಲ್ಲ ನೆನಪಾಯಿತು. ಕಳೆದ ಭತ್ತದ ಸುಗ್ಗಿಯ ದಿನ. ಭೀಮೇಶ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಹಟ್ಟಿಗೆ ಹೋಗಿದ್ದ. ಬದಲಿ ಡ್ರೈವರನ ಜೊತೆ ಅಮರಗುಂಡಪ್ಪನೇ ಲಾರಿ ತಂದು, ವಳಕಮದಿನ್ನಿಯಲ್ಲಿ ಭತ್ತದ ರಾಶಿ ಕಾಯುತ್ತಿದೆ, ಮೋಡವೂ ಕವಿದಿದೆ, ಹೇಗಾದರೂ ಈ ಸೋರಿಕೆ ನಿಲ್ಲಿಸು ಎಂದು ದುಂಬಾಲು ಬಿದ್ದಿದ್ದ. ಮಾಡಬಾರದ್ದೆಂದು ಗೊತ್ತಿದ್ದೂ ನನ್ನೇಸಾಬ ಮೆತ್ತಿ ಕಳಿಸಿದ್ದ. ಹದಿನೈದು ದಿನದೊಳಗೆ ಬಂದು ಪಂಪು ಬದಲಿಸಿಕೊಳ್ಳಿ ಎಂದೂ ಹೇಳಿದ್ದ. ಅವರು ಬರಲಿಲ್ಲ, ಇವನು ಮರೆತ. ಭೀಮೇಶನಿಗೆ ಯಾರೂ ಹೇಳಲೇ ಇಲ್ಲ.

ಬಾಯಿ ಬಿಡಬೇಕಾದದ್ದು ಆಗ. ಬಿಡಲಿಲ್ಲ. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಸಿಂಧನೂರು ಮುಟ್ಟುತ್ತದೆ, ನನ್ನೇಸಾಬ ಇಷ್ಟೇನಾ ಎಂದು ಜನ ನಗುತ್ತಾರೆ ಎನಿಸಿತು. ಹಳೇ ಪಂಪನ್ನು ಗೋಣಿಚೀಲದ ಕೆಳಗೆ ಸರಿಸಿ, ಹೊಸದರ ಅಡಿಗೆ ಕೂರಿಸುವ ಪ್ಯಾಕಿಂಗ್ ಹಾಳೆ ಕತ್ತರಿಸುತ್ತಾ ಕೂತ. ಕತ್ತರಿ ಎರಡು ಸಲ ಗೆರೆ ತಪ್ಪಿತು.

ಅಷ್ಟರಲ್ಲಿ ಅಮರಗುಂಡಪ್ಪ ಎದ್ದು ಬಂದ. ಅವನ ಮೂರೂ ಲಾರಿಗಳಲ್ಲಿ ಅವನ ಅಪ್ಪನ ಕಾಲದಿಂದ ಒಂದು ರಿವಾಜಿತ್ತು. ತಕರಾರು ಬಂದರೆ ಡ್ರೈವರ್ ಸ್ಟೇರಿಂಗ್ ಮುಟ್ಟಿ ಹೇಳಬೇಕು. ಹೇಳಿದ ಮೇಲೆ ಮಾಲೀಕ ತುಟಿಪಿಟಕ್ಕೆನ್ನುವಂತಿಲ್ಲ.

“ಹತ್ತು ಮ್ಯಾಲ. ಇವತ್ತು ಮುಂಜಾನಿ ನೀರು ಹಾಕೀನಿ ಅಂತ ಮುಟ್ಟಿ ಹೇಳು. ಹೇಳಿದ್ರ ಮುಗೀತು,” ಎಂದು ಭೀಮೇಶನಿಗೆ ಕ್ಯಾಬಿನ್ ತೋರಿಸಿದ.

ಭೀಮೇಶ ಹತ್ತಿ ಕೂತು ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟ. ಹೇಳಿಬಿಡೋ ತಮ್ಮಾ ಎಂದು ನನ್ನೇಸಾಬ ಮನಸ್ಸಿನಲ್ಲೇ ಅಂಗಲಾಚಿದ. ಅವನು ಹೇಳಿಬಿಟ್ಟರೆ ತಾನು ಏನೂ ಹೇಳಬೇಕಾಗಿರಲಿಲ್ಲ.

“ದಿನಾ ಹಾಕ್ತೀನ್ರಿ,” ಭೀಮೇಶ ಹೇಳಿದ. “ಇವತ್ತೂ ಹಾಕೀನಿ ಅನಸ್ತೈತಿ. ಆದ್ರ ನೆನಪಿಗೆ ಬರಾಕತ್ತಿದ್ದು ಇವತ್ತಿಂದೋ, ನಿನ್ನಿದೋ, ತಿಳೀವಲ್ದು. ಮುಟ್ಟಿ ಹ್ಯಾಂಗ ಹೇಳ್ಲಿರಿ?”

ಅಮರಗುಂಡಪ್ಪ ಕೈ ಚಾಚಿದ. ಭೀಮೇಶ ಇಳಿದು ಬೀಗದಕೈ ಕೊಟ್ಟ. ಕ್ಯಾಬಿನ್ನಿನಿಂದ ತನ್ನ ಚಾದರ, ಟವೆಲ್ಲು, ಬುತ್ತಿ ಡಬ್ಬಿ ತೆಗೆದುಕೊಂಡು ನನ್ನೇಸಾಬನ ಪಕ್ಕ ಬಂದು ನಿಂತ.

“ನಂದ ತಪ್ಪಿರಬೇಕು, ಕಾಕಾ,” ಎಂದ.

ಮಾಡದ ತಪ್ಪನ್ನು ಇವನು ತಲೆಗೆ ಕಟ್ಟಿಕೊಂಡು ಹೊರಟಿದ್ದಾನೆ, ಮಾಡಿದವನು ಕತ್ತರಿ ಹಿಡಿದು ಕೂತಿದ್ದಾನೆ. ನನ್ನೇಸಾಬನಿಗೆ ನಾಚಿಕೆಯಾಯಿತು. ಗೋಣಿಚೀಲ ಎಳೆದೊಗೆದು ಪಂಪನ್ನು ತಂದು ಮಾಲೀಕನ ಮುಂದೆ ಹಿಡಿದ.

“ಧಣೇರ, ಪಂಪ್ ಹೋಗಿದ್ದು ಇವನಿಂದ ಅಲ್ಲ. ಈ ತೂತು ಮುಚ್ಚಿದಾಂವ ನಾನು, ಮುಚ್ಚಿಸಿದಾವ್ರು ನೀವು. ಸುಗ್ಗ್ಯಾಗ ಬಂದಿದ್ರಿ, ನೆನಪು ಮಾಡ್ಕೋರಿ. ಅವತ್ತು ಇಂವ ಊರಾಗ ಇರಲಿಲ್ಲ.”

ಅಮರಗುಂಡಪ್ಪ ಪಂಪನ್ನು ತಿರುವಿ ತಿರುವಿ ನೋಡಿದ, ಗಂಟಲು ಸರಿಮಾಡಿಕೊಂಡ, ಹಳೇ ಸಾಮಾನು ಒಂದಲ್ಲ ಒಂದು ದಿನ ಹೋಗುವುದೇ ಬಿಡು ಎಂದ. ಬೀಗದಕೈಯನ್ನು ಭೀಮೇಶನ ಬುತ್ತಿ ಡಬ್ಬಿಯ ಮೇಲಿಟ್ಟು, ಲಿಂಗಸುಗೂರಿಗೆ ಫೋನು ಮಾಡುವ ನೆವದಲ್ಲಿ ರಸ್ತೆಗೆ ನಡೆದ. ಮಾಲೀಕರಾದವರು ತಪ್ಪೊಪ್ಪಿಕೊಳ್ಳುವುದು ಹೆಚ್ಚೆಂದರೆ ಇಷ್ಟೇ.

ನನ್ನೇಸಾಬನ ಎದೆ ಹಗುರಾಯಿತು. ಇನ್ನು ಭೀಮೇಶ ನಗುತ್ತಾನೆ ಎಂದುಕೊಂಡ.

“ಇದನ್ನ ಯಾವಾಗ ನೋಡ್ದಿ, ಕಾಕಾ?” ಭೀಮೇಶ ಕೇಳಿದ.

“ಬಿಚ್ಚಿದಾಗ.”

“ಹಂಗಾರ ನಾ ಸ್ಟೇರಿಂಗ್ ಮ್ಯಾಲ ಕೈ ಇಟ್ಟಾಗ ನಿನಗ ಗೊತ್ತಿತ್ತು.”

ನನ್ನೇಸಾಬ ಹೌದೆಂದು ತಲೆಯಾಡಿಸಿದ.

ನನ್ನೇಸಾಬ ಹೊಸ ಪಂಪು ಕೂರಿಸಿ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದ, ಬೆಲ್ಟು ಏರಿಸಿದ, ನೀರು ತುಂಬಿದ. ಭೀಮೇಶ ಹತ್ತಿ ಚಾಲೂ ಮಾಡಿದ, ಎಂಜಿನ್ ಒಂದೇ ಏಟಿಗೆ ಎದ್ದಿತು. ಕಾಲು ತಾಸು ಓಡಿದರೂ ಎಲ್ಲೂ ಹನಿ ಸೋರಲಿಲ್ಲ. ನನ್ನೇಸಾಬ ಕೈ ಒರೆಸಿಕೊಳ್ಳುತ್ತಾ, ಇನ್ನು ಹೊರಡು ಎಂದ.

ಭೀಮೇಶ ಎಂಜಿನ್ ಆರಿಸಿ ಕೆಳಗಿಳಿದ. ನನ್ನೇಸಾಬನನ್ನು ಕೇಳದೆಯೇ ಹತ್ಯಾರಗಳ ಡಬ್ಬಿಯಿಂದ ಬೋಲ್ಟು ಬಿಗಿಯುವ ಪಾನಾ ತೆಗೆದುಕೊಂಡು, ಬಗ್ಗಿ, ಹೊಸ ಪಂಪಿನ ಬೋಲ್ಟುಗಳನ್ನು ಒಂದೊಂದಾಗಿ ಬಿಗಿ ನೋಡತೊಡಗಿದ. ಈ ಹನ್ನೊಂದು ವರ್ಷದಲ್ಲಿ ನನ್ನೇಸಾಬ ಬಿಗಿದ ಬೋಲ್ಟಿಗೆ ಅವನು ಒಮ್ಮೆಯೂ ಪಾನಾ ಹಚ್ಚಿದವನಲ್ಲ. ಎಲ್ಲವೂ ಬಿಗಿಯಾಗಿಯೇ ಇದ್ದವು. ಕೊನೆಯದನ್ನು ಮುಗಿಸಿದವನು ಮತ್ತೆ ಮೊದಲನೆಯದರಿಂದ ಶುರು ಮಾಡಿದ.