ದಿಂಬಿನ ತಣ್ಣನೆಯ ಮಗ್ಗುಲು

ಕೆಲಸ ಮುಗಿಸಿ ಬಂದವಳು ಹೊದಿಕೆಯ ತುದಿ ಹಿಡಿದು ಒಂದೇ ಸಲ ಎಳೆದಳು. "ಏಳು ಮಹಾರಾಯ್ತಿ! ನಿನ್ನ ಪಾಳಿ ಮುಗೀತು. ನಿಂತ್ಕೊಂಡೇ ನಿದ್ದೆ ಮಾಡೋಕೆ ನಾನೇನು ಕುದುರೆಯಾ?"

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಅಲುಗಲಿಲ್ಲ.

ಮೇಲಿನ ಮಂಚದ ಹುಡುಗಿ ಕನ್ನಡಿಯ ಮುಂದೆ ಹೇರ್‌ಪಿನ್ ಕಚ್ಚಿಕೊಂಡೇ ನಕ್ಕಳು. "ಜೋರಾಗಿ ಕೂಗಕ್ಕ. ರಾತ್ರಿಯಿಂದ ಒಂದು ಮಗ್ಗುಲೂ ಬದಲಾಯಿಸಿಲ್ಲ ಪುಣ್ಯಾತ್ಗಿತ್ತಿ."

ಸೂಜಿ ಊರಲು ಜಾಗವಿಲ್ಲದ ಊರು ಅದು. ಕೋಣೆ ಬಾಡಿಗೆಗೆ ಸಿಗುತ್ತಿದ್ದ ಕಾಲ ಹೋಗಿ, ಮಂಚ ಸಿಗುವ ಕಾಲ ಬಂದು, ಈಗ ಅರ್ಧ ಮಂಚಕ್ಕೆ ಇಳಿದಿತ್ತು. ಒಂದು ಹಾಸಿಗೆ, ಇಬ್ಬರು ಬಾಡಿಗೆದಾರರು. ಇವಳು ರಾತ್ರಿಯೆಲ್ಲ ಡಿಪೋದಲ್ಲಿ ಬಸ್ಸು ತೊಳೆದು ಬಂದು ಹಗಲು ಮಲಗುವವಳು. ಇನ್ನೊಬ್ಬಳು ಬೆಳಗಾದರೆ ಗುಂಡಿ ಹೊಲಿಯುವ ಕಾರ್ಖಾನೆಗೆ ಹೋಗಿ ರಾತ್ರಿ ಮಲಗುವವಳು. ಹೆಸರು ಗಿಸರಿನ ರಗಳೆಯೇ ಬೇಡವೆಂದು ಮನೆಯೊಡತಿ ಇವಳನ್ನು 'ಹಗಲು' ಎಂದೂ ಅವಳನ್ನು 'ರಾತ್ರಿ' ಎಂದೂ ಕರೆಯುತ್ತಿದ್ದಳು. ಹಗಲು ಬರುವಷ್ಟರಲ್ಲಿ ರಾತ್ರಿ ಹೊರಟಿರುತ್ತಿದ್ದಳು. ಒಂದೇ ಹಾಸಿಗೆಯ ಮೇಲೆ ವರ್ಷ ಕಳೆದಿದ್ದರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ.

ಆದರೂ ಅವರ ನಡುವೆ ಒಂದು ರೂಢಿ ಬೆಳೆದಿತ್ತು. ಎದ್ದವಳು ದಿಂಬನ್ನು ಮಗುಚಿಟ್ಟು ಹೋಗಬೇಕು, ಬರುವವಳಿಗೆ ತಣ್ಣನೆಯ ಮಗ್ಗುಲು ಸಿಗಲೆಂದು. ಯಾರು ಶುರು ಮಾಡಿದರೋ. ದಣಿದು ಬಂದು ಕೆನ್ನೆ ಇಟ್ಟರೆ ಯಾರೋ ತಲೆ ಸವರಿದ ಹಾಗಾಗುತ್ತಿತ್ತು. ದಿಂಬಿನ ಅಂಚಿನಲ್ಲಿ ಕಪ್ಪು ಕಲೆ. ಕಾಡಿಗೆಯೇ ಇರಬೇಕು. ಯಾರಿಗೋಸ್ಕರ ಕಣ್ಣು ತೀಡ್ತಾಳೋ ಕಳ್ಳಿ ಎಂದು ಹಗಲು ಒಳಗೊಳಗೇ ನಗುತ್ತಿದ್ದಳು. ಕಾಣದ ಆ ತಂಗಿಗೆಂದು ಒಮ್ಮೆ ದಿಂಬಿನಡಿ ಕೆಂಪು ಹೂವಿನ ಕ್ಲಿಪ್ ಇಟ್ಟಿದ್ದಳು.

ಈಗ ಭುಜ ಹಿಡಿದು ತಿರುಗಿಸಿದಳು. ದೇಹ ಮರದ ಹಲಗೆಯ ಹಾಗೆ ಇಡಿಯಾಗಿ ತಿರುಗಿತು.

ತಂಗಿಯಲ್ಲ. ತನ್ನ ತಾಯಿಯ ವಯಸ್ಸಿನ ಹೆಂಗಸು. ಕೂದಲು ಕಪ್ಪು, ಬುಡವೆಲ್ಲ ಬಿಳಿ. ದಿಂಬಿನ ಕಲೆ ಕಾಡಿಗೆಯದಲ್ಲ, ತಲೆಗೆ ಹಚ್ಚಿದ ಬಣ್ಣದ್ದು. ನರೆತವರನ್ನು ಆ ಕಾರ್ಖಾನೆ ಒಳಗೇ ಬಿಡುತ್ತಿರಲಿಲ್ಲ. ಅರೆತೆರೆದ ಕಣ್ಣು. ಕಿವಿಯ ಮೇಲೆ ಕೆಂಪು ಹೂವಿನ ಕ್ಲಿಪ್.

ಮೇಲಿನ ಮಂಚದವಳು ಕೂಗಿಕೊಂಡಳು. ಕೂಗಿದವಳೇ ಊಟದ ಡಬ್ಬಿ ಎತ್ತಿಕೊಂಡಳು. "ಬಸ್ಸು ತಪ್ಪಿದ್ರೆ ಅರ್ಧ ದಿನದ ಸಂಬಳ ಹೋಗುತ್ತೆ ಅಕ್ಕ. ನಾನು ಏನೂ ನೋಡಿಲ್ಲ, ಆಯ್ತಾ?" ಕೋಣೆಯಲ್ಲಿದ್ದ ಉಳಿದವರೂ ಚಪ್ಪಲಿ ಕೈಯಲ್ಲಿ ಹಿಡಿದೇ ಅವಳ ಹಿಂದೆ ಜಾರಿಕೊಂಡರು.

ಮನೆಯೊಡತಿ ಬಂದಳು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಸತ್ತವಳನ್ನು ಒಮ್ಮೆ ನೋಡಿದಳು, ಮಂಚಗಳನ್ನೆಲ್ಲ ಒಮ್ಮೆ ನೋಡಿದಳು, ಬಾಗಿಲು ಹಾಕಿದಳು.

"ಒಂದೇ ಕೋಣೆಗೆ ಇಷ್ಟು ಮಂಚ ತುಂಬಿದೀನಿ ಅಂತ ಪೊಲೀಸರಿಗೆ ಗೊತ್ತಾದ್ರೆ ಮನೆಗೇ ಬೀಗ ಜಡೀತಾರೆ. ನಾನೂ ಬೀದಿಗೆ, ನೀವೂ ಬೀದಿಗೆ. ಕೆಳಗೆ ಬಸ್ ಸ್ಟಾಪಿನ ಬೆಂಚಿದೆಯಲ್ಲ, ಅಲ್ಲಿ ಕೂರಿಸಿ ಬರೋಣ. ಮೈಗೆ ಹುಷಾರಿಲ್ಲ ಅಂತ ಎತ್ಕೊಂಡು ಹೋದ ಹಾಗೆ. ಈ ಗದ್ದಲದಲ್ಲಿ ಯಾರು ನೋಡ್ತಾರೆ?"

ಯಾರೂ ನೋಡುವುದಿಲ್ಲ. ಹಗಲಿಗೆ ಅದು ಗೊತ್ತಿತ್ತು. ಒಮ್ಮೆ ಡಿಪೋದಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿದ್ದ ಅಜ್ಜನನ್ನು ಎಬ್ಬಿಸಲು ಹೋಗಿದ್ದಳು. ಸತ್ತು ದಿನವಿಡೀ ಊರಿನ ಆ ತುದಿಗೂ ಈ ತುದಿಗೂ ಓಡಾಡಿದ್ದ, ಜನ ಒತ್ತಿಕೊಂಡು ಪಕ್ಕದಲ್ಲೇ ಕೂತಿದ್ದರು.

"ಇವರ ಹೆಸರೇನು?" ಎಂದಳು.

"ನನಗೇನು ಗೊತ್ತು? ರಾತ್ರಿ."

"ಮನೆಯವರು?"

"ಮನೆ ಇದ್ದಿದ್ರೆ ನನ್ನ ಮಂಚಕ್ಕೆ ಯಾಕೆ ಬರ್ತಿದ್ಲಮ್ಮ?"

ಬಾಗಿಲು ತಟ್ಟಿದ ಸದ್ದು. ಸಂದಿಯಲ್ಲಿ ಒಂದು ಚೀಲ, ಅದರ ಹಿಂದೆ ಒಂದು ಎಳೆಯ ಮುಖ. "ಅಮ್ಮಾ, ಇಲ್ಲೊಂದು ಹಾಸಿಗೆ ಖಾಲಿಯಾಯ್ತಂತೆ? ಬಸ್ ಸ್ಟಾಪಲ್ಲಿ ಒಬ್ಬಳು ಹೇಳಿದ್ಲು."

ಸತ್ತವಳ ಕಣ್ಣು ಮುಚ್ಚಿಸಲೂ ಹಗಲಿಗೆ ಇನ್ನೂ ಕೈ ಬಂದಿರಲಿಲ್ಲ.

"ಆಮೇಲೆ ಬಾ!" ಎಂದು ಬಾಗಿಲು ದೂಡಿ, ಮನೆಯೊಡತಿ ದನಿ ತಗ್ಗಿಸಿದಳು. "ನೋಡಿದೆಯಾ, ಹೇಗೆ ಮುತ್ತುತ್ತಾರೆ? ಆದ್ರೆ ಯಾರಿಗೂ ಕೊಡಲ್ಲ. ಇಡೀ ಹಾಸಿಗೆ ನಿನಗೇ. ಹಗಲೂ ನಿಂದು, ರಾತ್ರಿಯೂ ನಿಂದು. ಬಾಡಿಗೆ ಈಗಿನದೇ. ಕಾಲಿನ ಕಡೆ ನೀನು ಎತ್ತು, ಅಷ್ಟು ಸಾಕು."

ಇಡೀ ಹಾಸಿಗೆ. ರಜೆಯ ರಾತ್ರಿಗಳನ್ನು ರೈಲು ನಿಲ್ದಾಣದ ಕುರ್ಚಿಯಲ್ಲಿ, ಇನ್ನೂ ಬಾರದ ರೈಲಿಗೆ ಕಾಯುವವಳ ಹಾಗೆ ನಟಿಸುತ್ತ ಕಳೆಯುವವಳಿಗೆ ಇಡೀ ಹಾಸಿಗೆ. ಕಾಲು ಚಾಚಬಹುದು. ಜ್ವರ ಬಂದರೆ ಮಲಗೇ ಇರಬಹುದು. ಅವಳ ಕಣ್ಣು ಒಂದು ಗಳಿಗೆ ಆ ಹಾಸಿಗೆಯ ಉದ್ದಗಲವನ್ನು ಅಳೆದುಬಿಟ್ಟಿತು. ಅಳೆದದ್ದಕ್ಕೆ ಅವಳೇ ಬೆಚ್ಚಿದಳು.

ಬಗ್ಗಿ ಆ ಹೆಂಗಸಿನ ಕಣ್ಣು ಮುಚ್ಚಿದಳು. ತಲೆಯನ್ನು ಮೆಲ್ಲಗೆ ಎತ್ತಿ, ದಿಂಬನ್ನು ಮಗುಚಿ, ಮತ್ತೆ ಮಲಗಿಸಿದಳು. ಕಾಲ ಹತ್ತಿರ ಹಾಸಿಗೆಯ ಅಂಚಿನಲ್ಲಿ ಕೂತಳು.

"ಬೇಗ ಕಣೇ," ಎಂದಳು ಮನೆಯೊಡತಿ. "ಹಿಡಿ."

"ನಿನ್ನ ಹಾಸಿಗೆ ಬೇಡ. ನಾನು ಎತ್ತಲ್ಲ. ಎತ್ತೋಕೂ ಬಿಡಲ್ಲ."